ಮೊದಲ ಸರ್ವಿಸಿಂಗಿನ ಗುರುವಾರ

ಹತ್ತು ಸಾವಿರ ಕಿಲೋಮೀಟರ್ ಇಲ್ಲವೇ ಒಂದು ವರ್ಷ, ಯಾವುದು ಮೊದಲೋ ಅದಕ್ಕೆ ಗಾಡಿಯ ಮೊದಲ ದೊಡ್ಡ ಸರ್ವಿಸಿಂಗ್. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಹಾಗೆ ಬರೆದಿತ್ತು. ನೀಲಗಂಗಾ ಅದರಲ್ಲಿ ತನಗೆ ಬೇಕಾದ ಅರ್ಧವನ್ನಷ್ಟೇ ಓದಿಕೊಂಡಿದ್ದಳು.

ಗಾಡಿ ಇನ್ನೂ ಮೂರು ಸಾವಿರವೂ ಓಡಿಲ್ಲ ಎಂದು ಸರ್ವಿಸ್ ಸೆಂಟರಿನ ಅಮೋಲನಿಗೆ ಮರಾಠಿಯಲ್ಲಿ ಹೇಳಿ ಫೋನಿಟ್ಟದ್ದು ಮೂರು ಸಲ. ಸೊಲ್ಲಾಪುರದ ಪೇಟೆಯಲ್ಲಿ ಇಪ್ಪತ್ತು ವರ್ಷದಿಂದ ಚಾದರದ ಅಂಗಡಿ ನಡೆಸುವವಳು. ಜನರನ್ನು ಸಾಗಹಾಕುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೆ ನಾಲ್ಕನೇ ಸಲ ಅಮೋಲ ಪಟ್ಟು ಬಿಡಲಿಲ್ಲ. ನಿಂತ ಗಾಡಿಯ ಆಯಿಲ್ ಕೂಡ ಕೆಡುತ್ತದೆ ಮ್ಯಾಡಮ್, ವರ್ಷ ತುಂಬಿ ಮೂರು ವಾರವಾಯಿತು, ಇನ್ನೂ ತಡವಾದರೆ ವಾರಂಟಿಗೆ ಕುತ್ತು ಎಂದ. ಗುರುವಾರ ತರುತ್ತೇನೆ ಎಂದಳು. ಗುರುವಾರ ಅವಳಿಗೆ ಈಗ ಹೋಗುವುದಕ್ಕೆ ಎಲ್ಲೂ ಇರಲಿಲ್ಲ.

ಗಾಡಿ ಕೊಂಡದ್ದೇ ಗುರುವಾರಕ್ಕಾಗಿ. ಅವ್ವನಿಗೆ ವಾರಕ್ಕೊಮ್ಮೆ ಅಕ್ಕಲಕೋಟೆಗೆ ಹೋಗಿ ಸ್ವಾಮಿ ಸಮರ್ಥರಿಗೆ ಕೈಮುಗಿಯದಿದ್ದರೆ ಅನ್ನ ಸೇರುತ್ತಿರಲಿಲ್ಲ. ಮೊಣಕಾಲು ಮಾತ್ರ ಬಸ್ಸಿನ ಮೆಟ್ಟಿಲಿಗೆ ಒಪ್ಪುತ್ತಿರಲಿಲ್ಲ. ಮದುವೆಯ ಗೋಜಿಗೆ ಹೋಗದ ಮಗಳು ನಲವತ್ತಾರನೇ ವಯಸ್ಸಿಗೆ ಡ್ರೈವಿಂಗ್ ಕಲಿತಳು, ಎರಡು ಸಲ ಗೇಟಿಗೆ ಗುದ್ದಿದಳು, ಆಮೇಲೆ ಮೂವತ್ತಾರು ಗುರುವಾರ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿಬಂದಳು. ಮೀಟರಿನಲ್ಲಿರುವ ಕಿಲೋಮೀಟರೆಲ್ಲ ಆ ಗುರುವಾರಗಳದೇ.

ಅವ್ವ ಬೆಲ್ಟ್ ಹಾಕಿಕೊಳ್ಳುತ್ತಿರಲಿಲ್ಲ. ಗಾಡಿ ಟಿಣ್ ಟಿಣ್ ಎಂದು ಬಡಿದುಕೊಳ್ಳುತ್ತಿತ್ತು.

"ಅವ್ವಾ, ಬೆಲ್ಟ್ ಹಾಕ್ಕೋ."

"ಯಾಕ, ನಾ ಎಲ್ಲಿಗಿ ಓಡಿ ಹೊಕ್ಕೀನಿ?"

ಪ್ರತಿವಾರ ಇದೇ ಜಗಳ. ವಳಸಂಗ ದಾಟುವ ಹೊತ್ತಿಗೆ ಮಗಳೇ ಸೋತು ಗಾಡಿ ನಿಲ್ಲಿಸಿ, ಬಗ್ಗಿ ಬೆಲ್ಟ್ ಎಳೆದು ಸಿಕ್ಕಿಸುತ್ತಿದ್ದಳು. ಹೊರಡುವ ಮುಂಚೆ ಅವ್ವ ತನ್ನ ಸೀಟಿನ ಮುಂದಿನ ಡ್ಯಾಶ್‌ಬೋರ್ಡಿಗೆ ಒದ್ದೆ ಮಾಡಿದ ವಿಭೂತಿಯಿಂದ ಮೂರು ಗೆರೆ ಎಳೆಯುವುದು ಮಾತ್ರ ಒಂದು ವಾರವೂ ತಪ್ಪಲಿಲ್ಲ. ಅವಳ ಉಂಗುರದ ಬೆರಳು ಹಿಂದೆಂದೋ ಬಾಗಿಲ ಸಂದಿಗೆ ಸಿಕ್ಕು ಸೊಟ್ಟಗಾಗಿತ್ತು. ಹಾಗಾಗಿ ಮೂರನೇ ಗೆರೆ ಅರ್ಧಕ್ಕೇ ನಿಂತುಬಿಡುತ್ತಿತ್ತು.

ಗಾಡಿ ಬಂದ ಒಂಬತ್ತನೇ ತಿಂಗಳಲ್ಲಿ, ಒಂದು ಮಂಗಳವಾರ, ಅವ್ವ ಹೋಗಿಬಿಟ್ಟಳು. ಕೊನೆಯ ಗುರುವಾರದ ಮೂರು ಗೆರೆ ಉಳಿದವು. ಗೋಡೆಯ ಮೇಲೆ ಅವ್ವನ ಫೋಟೋ ಇತ್ತು, ಆದರೆ ಅದು ಸ್ಟುಡಿಯೋದವನು ತೆಗೆದದ್ದು. ಈ ಗೆರೆ ಅವ್ವ ತಾನೇ ಎಳೆದದ್ದು. ನೀಲಗಂಗಾ ರಾತ್ರಿ ಊಟವಾದ ಮೇಲೆ ನಿಂತ ಗಾಡಿಯಲ್ಲಿ ಹತ್ತು ನಿಮಿಷ ಕೂತು ಬರುತ್ತಿದ್ದಳು. ಧೂಳು ಒರೆಸುವಾಗ ಅಷ್ಟು ಜಾಗ ಬಿಟ್ಟು ಒರೆಸುತ್ತಿದ್ದಳು. ಸರ್ವಿಸಿಂಗಿಗೆ ಬಿಟ್ಟರೆ ಒಳಗೆಲ್ಲ ತಿಕ್ಕಿ ಪಾಲಿಶ್ ಮಾಡಿಕೊಡುತ್ತಾರೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಆ ಮೂರು ವಾರದ ಸಬೂಬು.

ಗುರುವಾರ ಬೆಳಿಗ್ಗೆ ಅಮೋಲ ಕೌಂಟರಿನಲ್ಲಿ ಕಾರ್ಡು ತುಂಬುತ್ತ ಮರಾಠಿಯಲ್ಲಿ ಸರಸರನೆ ಓದಿಹೇಳಿದ: ಆಯಿಲ್, ಫಿಲ್ಟರ್, ಬ್ರೇಕು, ಒಳಗಿನ ಕ್ಲೀನಿಂಗು, ಮತ್ತೇನಾದರೂ ಕೆಲಸ ಬಿದ್ದರೆ ಫೋನ್ ಮಾಡಿ ಕೇಳಬೇಕೋ ಹೇಗೆ ಎಂದ. ಅವಳ ಕಿವಿ 'ಕ್ಲೀನಿಂಗು' ಎಂಬಲ್ಲೇ ನಿಂತಿತ್ತು. ಗಾಜಿನಾಚೆ ಗಾಡಿಯನ್ನು ಒಳಗೆ ಒಯ್ಯುತ್ತಿದ್ದರು. ಬಿಡಿಸಿ ಹೇಳಹೋದರೆ ಅಳು ಬರುತ್ತಿತ್ತು. ಒಂದಿಷ್ಟು ವಿಭೂತಿಗಾಗಿ ಇಷ್ಟು ದೊಡ್ಡ ಹೆಂಗಸು ಕಣ್ಣೀರು ಹಾಕಿದಳೆಂದು ನಾಲ್ಕು ಜನ ನಗಬಾರದಲ್ಲ. ಅದಕ್ಕೇ ಗತ್ತಿನಿಂದ, ಪೇಟೆಯ ಮರಾಠಿಯಲ್ಲಿ, ಎರಡೇ ಮಾತು ಹೇಳಿದಳು.

"ಪುಸೂ ನಕಾ."

ಒರೆಸಬೇಡಿ ಎಂದರ್ಥ. ಅಮೋಲ ಖುಷಿಯಿಂದ ತಲೆಯಾಡಿಸಿ ಬರೆದುಕೊಂಡ. ಅವಳಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಅಂಗಡಿಗೆ ಹೋಗಿ ತಿಂಗಳುಗಳ ಮೇಲೆ ಗಿರಾಕಿಗಳ ಜೊತೆ ನಕ್ಕು ಮಾತಾಡಿದಳು.

ಸಂಜೆ ಗಾಡಿಯ ಬಾಗಿಲು ತೆಗೆದಾಗ ಸೋಪಿನ ವಾಸನೆ ಬಂತು. ಡ್ಯಾಶ್‌ಬೋರ್ಡು ಷೋರೂಮಿನಲ್ಲಿದ್ದಾಗ ಎಷ್ಟು ಕಪ್ಪಗಿತ್ತೋ ಅಷ್ಟೇ ಕಪ್ಪಗೆ ಹೊಳೆಯುತ್ತಿತ್ತು. ಅವಳು ಬೆರಳಿಟ್ಟು ನೋಡಿದಳು. ಬೆರಳಿಗೆ ಎಣ್ಣೆ ಹತ್ತಿತು.

"ನಮ್ಮವ್ವನ ಇಬೂತಿ ಒರಸಿಬಿಟ್ರಲ್ಲೋ ಯಪ್ಪಾ..." ಗತ್ತೂ ಇಲ್ಲ, ಮರಾಠಿಯೂ ಇಲ್ಲ.

ಕೀ ಕೊಡಲು ಬಂದಿದ್ದ ಅಮೋಲ ಗಕ್ಕನೆ ನಿಂತ. ಅವನೂ ಕನ್ನಡಕ್ಕೇ ಇಳಿದ. "ನೀವು ಪುಸೂ ನಕಾ ಅಂದ್ರಿ. ಫೋನ್ ಮಾಡಿ ಕೇಳಬ್ಯಾಡ್ರಿ, ಎಲ್ಲಾ ಮಾಡಿಬಿಡ್ರಿ ಅಂದಂಗ ತಿಳೀತ್ರಿ ನನಗ. ನಮ್ಮ ಕಂದಲಗಾಂವ ಕಡಿ ಮರಾಠ್ಯಾಗ ಪುಸಣೆ ಅಂದ್ರ ಕೇಳೂದೂ ಹೌದಲ್ರಿ."

ಅವಳು ಬೆರಳಿನ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡಳು.

"ಕನ್ನಡದಾಗ ಹೇಳಬೇಕಿತ್ರಿ ಅಕ್ಕಾ. ನಮ್ಮನ್ಯಾಗೂ ಕನ್ನಡಾನ. ನಮ್ಮವ್ವನೂ ತಿಜೋರಿಗಿ, ಗಾಡಿಗಿ ಹಿಂಗ ಹಚ್ಚತಾಳ. ಒಂದ್ ಮಾತ್ ಅಂದಿದ್ರ ನಾನ ಮುಂದ ನಿಂತು ಕಾಯ್ತಿದ್ನಿ."

ಹುಡುಗನ ಮುಖ ಸಣ್ಣದಾಗಿತ್ತು. ಅವನನ್ನು ಬೈದು ಏನು ಬಂತು? ಒಂದೇ ಮನೆಮಾತಿನ ಇಬ್ಬರು ಒಬ್ಬರಿಗೊಬ್ಬರು ಪರಕೀಯರಂತೆ ಮಾತಾಡಿ ಅವ್ವನನ್ನು ಒರೆಸಿಹಾಕಿದ್ದರು. ಈ ಊರಿನಲ್ಲಿ ದಿನಾ ನಡೆಯುವುದೇ ಇದು, ಆದರೆ ಇಷ್ಟು ದುಬಾರಿ ಯಾವತ್ತೂ ಬಿದ್ದಿರಲಿಲ್ಲ. "ಇರಲಿ ಬಿಡಪ್ಪ," ಎಂದಳು. ಅವನು ಮುಂದಿನ ಸರ್ವಿಸಿಂಗಿನ ತಾರೀಖು ಬರೆದ ಚೀಟಿಯನ್ನು ಗಾಜಿಗೆ ಅಂಟಿಸಿ, ನಮಸ್ಕಾರ ಮಾಡಿ ಒಳಗೆ ಹೋದ.

ಹಿಂದಿರುಗುವಾಗ ಅಂಗಡಿಯ ಮುಂದೆ ನಿಲ್ಲಿಸಿ, ಬೆಳಿಗ್ಗೆ ಗಿರಾಕಿಗೆ ಮುಟ್ಟಿಸಬೇಕಾದ ಚಾದರಗಳ ಗಂಟನ್ನು ಪಕ್ಕದ ಸೀಟಿನ ಮೇಲೆ ಇಟ್ಟುಕೊಂಡಳು. ಗಂಟು ಭಾರವಿತ್ತು. ನಾಲ್ಕು ಮಾರು ಹೋಗುವುದರೊಳಗೆ ಗಾಡಿ ಟಿಣ್ ಟಿಣ್ ಎನ್ನತೊಡಗಿತು.

"ಅವ್ವಾ, ಬೆಲ್ಟ್ ಹಾಕ್ಕೋ," ಎಂದಳು, ರಸ್ತೆಯ ಮೇಲಿನ ಕಣ್ಣು ತೆಗೆಯದೆ.

ಅಂದ ಮೇಲೆ ಅವಳಿಗೇ ತಿಳಿಯಿತು. ಆದರೂ ಉತ್ತರಕ್ಕಾಗಿ ಒಂದು ಗಳಿಗೆ ಕಾದಳು. ಗಾಡಿ ಬಡಿದುಕೊಳ್ಳುತ್ತಲೇ ಇತ್ತು. ರಸ್ತೆಯ ಬದಿಗೆ ನಿಲ್ಲಿಸಿ, ಬಗ್ಗಿ, ಬೆಲ್ಟನ್ನು ಚಾದರದ ಗಂಟಿನ ಮೇಲಿಂದ ಎಳೆದು ಸಿಕ್ಕಿಸಿದಳು. ಟಿಣ್ ಟಿಣ್ ನಿಂತಿತು. ಅವಳು ಬೆಲ್ಟಿನ ಮೇಲಿಟ್ಟ ಕೈ ತೆಗೆಯದೆ ಬಹಳ ಹೊತ್ತು ಹಾಗೇ ಕೂತಿದ್ದಳು.