ಆರನೆಯ ಬಾಗಿಲಲ್ಲಿ ಒತ್ತಿದ ಬೆರಳು

ನನ್ನ ಹೊಟ್ಟೆಯಲ್ಲಿ ಎರಡು ಪುಟ್ಟ ಮೋಟಾರುಗಳಿವೆ. ಪರದೆಯ ಮೇಲೆ ಯಾರಿಗಾದರೂ ಗುಂಡು ತಗುಲಿದರೆ ಅವೆರಡೂ ತಿರುಗಿ ನಾನು ಗಡಗಡ ನಡುಗಬೇಕು. ನನ್ನನ್ನು ಹಿಡಿದವರಿಗೆ ಅದರಿಂದ ಖುಷಿಯಾಗಬೇಕು. ಹುಟ್ಟಿಸಿದವರು ನನಗೆ ಹಚ್ಚಿದ ಕೆಲಸ ಅದು. ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ ಒಬ್ಬ ಹೆಂಗಸು ನನ್ನ ಬೆನ್ನಿಗೆ ತಿರುಪು ಬಿಗಿದಳು, ಒಮ್ಮೆ ನಡುಗಿಸಿ ನೋಡಿದಳು, ಡಬ್ಬಿಗೆ ಹಾಕಿದಳು. ಇದಕ್ಕೆ ನಡುಗಲು ಬರುತ್ತದೋ ಇಲ್ಲವೋ ಎಂದಷ್ಟೇ ನೋಡಿದಳು. ಇಷ್ಟವಿದೆಯೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ನನ್ನ ಸಿಟ್ಟು ಶುರುವಾದದ್ದೇ ಅಲ್ಲಿ.

ಅಂಗಡಿಯಲ್ಲಿ ನನ್ನನ್ನು ವಿಡಿಯೋ ಗೇಮಿನ ಕಂಟ್ರೋಲರ್ ಅಂದರು. ನಾನು ಹೋಗಿ ಸೇರಿದ ಮನೆಯಲ್ಲಿ ಎಲ್ಲರೂ ರಿಮೋಟು ಅಂದರು. ಬೆಳಗಾವಿ ಜಿಲ್ಲೆಯ ಅಂಚಿನಲ್ಲಿ, ಕೃಷ್ಣಾ ನದಿಯ ದಡದ ಊರು, ಜೈನರ ಮನೆ. ಯಜಮಾನ ಭೂಪಾಲ ಮಗದುಮ್ಮ ಗೊಬ್ಬರದ ಅಂಗಡಿ ಇಟ್ಟಿದ್ದರು. ಹುಳ ಸಾಯಿಸುವ ಔಷಧ ಮಾತ್ರ ಮಾರುತ್ತಿರಲಿಲ್ಲ, ಅದು ಅವರ ಹೆಮ್ಮೆ. ಅವರ ತಾಯಿ ಅಕ್ಕೂಬಾಯಿಯನ್ನು ಮೊಮ್ಮಕ್ಕಳು ಆಯಿ ಅನ್ನುತ್ತಿದ್ದರು. ಹೆತ್ತ ತಾಯಿ ಇಲ್ಲದ ಆ ಇಬ್ಬರನ್ನು ಬೆಳೆಸಿದವಳು ಅವಳೇ. ಹತ್ತೊಂಬತ್ತರ ಅಜಿತ, ಹದಿನಾರರ ತ್ರಿಶಲಾ.

ಮೊದಲು ನಾನು ಅಜಿತನ ಕೈಗೆ ಸಿಕ್ಕೆ. ಕೈಯೊಳಗಿನಿಂದ ನೋಡಿದರೆ ಮನುಷ್ಯರ ಗದ್ದ, ಮೂಗಿನ ಹೊಳ್ಳೆ ಇಷ್ಟೇ ಕಾಣುವುದು. ಅಜಿತನ ಹೊಳ್ಳೆ ಸದಾ ಅರಳಿರುತ್ತಿತ್ತು. ಅವನು ಆಡುತ್ತಿದ್ದದ್ದು ಒಂದು ಕೋಟೆಯ ಆಟ. ಏಳು ಬಾಗಿಲು ದಾಟಿ ಒಳಗೆ ಸೆರೆಯಲ್ಲಿರುವ ಮುದುಕನೊಬ್ಬನನ್ನು ಬಿಡಿಸಿ ತರಬೇಕು. ಬಾಗಿಲು ಬಾಗಿಲಿಗೆ ಕಾವಲುಗಾರರು. ಅಜಿತ ಅವರನ್ನೆಲ್ಲ ಹೊಡೆದುರುಳಿಸಿ ಒಂದೇ ಮಧ್ಯಾಹ್ನದಲ್ಲಿ ಆಟ ಮುಗಿಸಿದ. ಕೊನೆಗೆ ಪರದೆಯ ಮೇಲೆ ‘ಕೊಂದದ್ದು: ನೂರಾ ಹದಿನೇಳು’ ಎಂದು ಬಂತು. ನೂರಾ ಹದಿನೇಳು ಸಲ ನನ್ನ ಹೊಟ್ಟೆ ನಡುಗಿತ್ತು. ಬಿಡಿಸಿ ತಂದ ಮುದುಕನ ಮುಖವನ್ನು ಅವನು ನೋಡಲೂ ಇಲ್ಲ. ಸೋತ ದಿನ ನನ್ನನ್ನು ಗೋಡೆಗೆ ಎಸೆಯುತ್ತಿದ್ದ.

ಇನ್ನು ಭೂಪಾಲರ ರೀತಿ ಕೇಳಿ. ಊರಲ್ಲಿ ಹುಡುಗರ ಹೊಡೆದಾಟವಾದ ಸುದ್ದಿ ಬಂದರೆ ಸಾಕು, ನನ್ನ ಕಡೆ ಬೊಟ್ಟು ಮಾಡುತ್ತಿದ್ದರು. “ಎಲ್ಲಾ ಇಂಥಾವಿಂದನ ಕಲಿತಾವ ಹುಡುಗರು.” ನಾನು ಯಾರಿಗೂ ಏನನ್ನೂ ಕಲಿಸಿದವನಲ್ಲ. ನೀವು ಎತ್ತ ಒತ್ತಿದರೆ ಅತ್ತ ನಡೆಯುವವನು. ಒತ್ತುವ ಬೆರಳು ನಿಮ್ಮದು.

ತ್ರಿಶಲಾ ಅದೇ ಆಟವನ್ನು ಬೇರೆಯೇ ಥರ ಆಡತೊಡಗಿದ್ದು ಭಾದ್ರಪದದಲ್ಲಿ. ಅವರಿಗೆ ಆಗ ದಶಲಕ್ಷಣ ಪರ್ವ. ಹತ್ತು ದಿನ ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಗಡ್ಡೆಗೆಣಸು ಇಲ್ಲ, ಮೇಲೆ ಒಬ್ಬೊಬ್ಬರೂ ಬಸದಿಯಲ್ಲಿ ಮುನಿ ಮಹಾರಾಜರ ಮುಂದೆ ಒಂದೊಂದು ನೇಮ ಹಿಡಿಯಬೇಕು. ಅಜಿತ ಪಾನಿಪುರಿ ಬಿಟ್ಟ. ಮಗಳು ಆಟ ಬಿಡಲಿ ಎಂದು ಭೂಪಾಲರ ಆಸೆ. ಅವಳು ಎದ್ದು ನಿಂತು, “ಆಟ ಬಿಡೂದಿಲ್ರಿ. ಆಟದಾಗ ಯಾರನ್ನೂ ಕೊಲ್ಲೂದಿಲ್ಲ” ಅಂದಳಂತೆ. ಜನ ನಕ್ಕರಂತೆ. ಮಹಾರಾಜರು ನಗದೆ, “ಕೊಲ್ಲಬೇಕು ಅನ್ನೋ ಸಂಕಲ್ಪನೂ ಹಿಂಸೆನೇ. ಸಣ್ಣ ನೇಮ ಅಲ್ಲ ಇದು, ಜ್ವಾಕಿ” ಎಂದು ನವಿಲುಗರಿಯ ಪಿಂಛಿ ಎತ್ತಿ ಹರಸಿದರಂತೆ. ಮನೆಗೆ ಬಂದು ಅವಳು ಆಯಿಗೆ ಹೇಳುವಾಗ ನಾನು ಕೇಳಿದ್ದು ಇದು.

ಆಹಾ, ಆ ಮೊದಲ ಏಳು ದಿನ. ದಿನಕ್ಕೆ ಒಂದು ತಾಸು ಅವಳ ಪಾಳಿ, ಆಮೇಲೆ ಅಜಿತನದು. ಅವಳ ಆಟದಲ್ಲಿ ನಾನು ನಡುಗಲೇ ಇಲ್ಲ. ಅವಳು ಪೀಪಾಯಿಯ ಹಿಂದೆ ಕೂತು ಕಾಯುವಳು. ಕಾವಲುಗಾರರ ಹೆಜ್ಜೆ ಎಣಿಸುವಳು. ಕಲ್ಲೊಂದನ್ನು ದೂರ ಎಸೆದು, ಅವರು ಅತ್ತ ತಿರುಗಿದಾಗ ಇತ್ತ ನುಸುಳುವಳು. ದೀಪ ಆರಿಸಿ ಗೋಡೆಗುಂಟ ಸರಿಯುವಳು. ಸಿಕ್ಕಿಬಿದ್ದರೆ ಮತ್ತೆ ಆ ಬಾಗಿಲಿನ ಮೊದಲಿಗೆ ಹೋಗುವಳು, ಬೇಸರವಿಲ್ಲದೆ. ಎರಡನೆಯ ಬಾಗಿಲವನು ಗೋಡೆಗೊರಗಿ ತೂಕಡಿಸುತ್ತಾನೆ, ನಾಲ್ಕನೆಯವನು ಏನನ್ನೋ ಗುನುಗುತ್ತಾನೆ, ಆರನೆಯ ಬಾಗಿಲ ಹುಡುಗನಿಗೆ ಕೆಮ್ಮು. ಅಜಿತನಿಗೆ ಇದೊಂದೂ ಗೊತ್ತಿರಲಿಲ್ಲ. ಕೆಮ್ಮುವಷ್ಟು ಹೊತ್ತು ಅವನು ಯಾರನ್ನೂ ಬದುಕಗೊಟ್ಟಿರಲಿಲ್ಲ.

ಎಂಟನೆಯ ದಿನ ಆರನೆಯ ಬಾಗಿಲು. ತ್ರಿಶಲಾ ಮೂಟೆಯ ಮರೆಯಲ್ಲಿ ಕೂತಿದ್ದಳು. ಕೆಮ್ಮುವ ಹುಡುಗ ಎರಡು ಮಾರು ದೂರದಲ್ಲಿದ್ದ. ಆಯಿ ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತ ಪಕ್ಕದಲ್ಲಿದ್ದಳು. ಅಜಿತ ಬಂದು ಹಿಂದೆ ನಿಂತ.

“ತಾಸ ಮುಗೀತು. ಕೊಡಿಲ್ಲೆ.”

“ಇನ್ನ ಹತ್ತ ನಿಮಿಷ ಐತಿ ಅಣ್ಣಾ.”

“ಮುಂದ ನಿಂತಾನ. ಒಂದ ಗುಂಡ ಹಾಕಿದ್ರ ಮುಗೀತದ. ಏನ ಅಂವನ್ನ ಲಗ್ನಾ ಆಗಾಕಿ ಏನ?”

“ನನ್ನ ನೇಮ ಐತಿ.”

“ನೇಮ ಅಂತ ನೇಮ,” ಅಂದವನೇ ಅವನು ಬಗ್ಗಿ, ಅವಳ ಎರಡೂ ಕೈಗಳ ಮೇಲೆ ತನ್ನ ಕೈ ಹಾಕಿದ. ಅವಳ ತೋರುಬೆರಳನ್ನು ನನ್ನ ಬಲಗಡೆಯ, ಗುಂಡು ಹಾರಿಸುವ ಕುದುರೆಯ ಮೇಲೆ ಇಟ್ಟು, ತನ್ನ ಬೆರಳಿನಿಂದ ಒತ್ತಿದ. ಅವಳು ಬೆರಳು ಎಳೆದುಕೊಳ್ಳಲು ನೋಡಿದಳು. ಅವನು ಇನ್ನೂ ಜೋರಾಗಿ ಒತ್ತಿದ. ನನ್ನೊಳಗಿನ ಸ್ಪ್ರಿಂಗು ಪಟ್ಟನೆ ಮುರಿಯಿತು. ಹೊಟ್ಟೆ ನಡುಗಿತು. ಕೆಮ್ಮುವ ಹುಡುಗ ಮುಗ್ಗರಿಸಿ ಬಿದ್ದ. ಆ ಆಟ ಯಾರು ಬಿದ್ದರೂ ಆ ಕ್ಷಣವೇ ಬರೆದಿಟ್ಟುಕೊಳ್ಳುತ್ತದೆ. ಪರದೆಯ ಮೂಲೆಯಲ್ಲಿದ್ದ ಸೊನ್ನೆ ಹೋಗಿ ಒಂದು ಬಂತು.

ಆಯಿ ಮೊರ ಹಿಡಿದುಕೊಂಡೇ ಕಿಸಕ್ಕನೆ ನಕ್ಕಳು. ಪಡಸಾಲೆಯಿಂದ ಭೂಪಾಲರು, “ಏನದು ಗದ್ಲ?” ಅಂದರು.

“ಇಕಿ ನೇಮ ಮುರೀತಂತ,” ಅಂದ ಅಜಿತ.

“ಗೊಂಬಿ ಸತ್ತರ ಸೂತಕಾ ಹಿಡೀತೈತೇನ? ಸುಮ್ನ ಕುಂಡ್ರಿ ಇಬ್ಬರೂ.”

ನೋಡಿ ಈ ನ್ಯಾಯ. ಬೀದಿಯಲ್ಲಿ ಯಾರೋ ಯಾರನ್ನೋ ಹೊಡೆದರೆ ನಾನು ಕೊಲೆ ಕಲಿಸುವ ಗುರು. ಸ್ವಂತ ಮನೆಯಲ್ಲಿ ಮಗ ಮಗಳ ಕೈ ಹಿಡಿದು ತಿರುಚಿದರೆ ಎಲ್ಲವೂ ಗೊಂಬೆಯಾಟ. ಸತ್ತದ್ದು ಗೊಂಬೆಯೇ ಇರಬಹುದು. ಆ ಬೆರಳು ಗೊಂಬೆಯದಾಗಿರಲಿಲ್ಲ. ಅದರ ಬಿಸಿ ನನ್ನ ಮೈಮೇಲಿತ್ತು.

ತ್ರಿಶಲಾ ಅಳಲಿಲ್ಲ. ಮರುದಿನ ಮಹಾರಾಜರ ಹತ್ತಿರ ಹೋಗಿ, ತನ್ನ ಬೆರಳಿನಿಂದ ನೇಮ ಮುರಿಯಿತು ಎಂದಷ್ಟೇ ಹೇಳಿ ಪ್ರಾಯಶ್ಚಿತ್ತ ಬೇಡಿದಳಂತೆ. ಒಂದು ದಿನ ನಿರಾಹಾರ, ಜಪ. ಮನೆಗೆ ಬಂದ ಮೇಲೆ ಆಯಿ, “ಅಣ್ಣನ ಹೆಸರು ಹೇಳಲಿಲ್ಲೇನವಾ?” ಎಂದು ಮೆಲ್ಲಗೆ ಕೇಳಿದಳು. “ಅದನ್ನ ಅಂವ ಹೇಳಬೇಕ ಆಯಿ, ನಾ ಅಲ್ಲ.” ಆ ದಿನ ಅವಳು ನೀರೂ ಮುಟ್ಟದೆ ಕೂತಿದ್ದಳು. ಅಜಿತ ಅವಳೆದುರಿಗೇ ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು ತಿಂದ. ನನಗೆ ಹಲ್ಲಿದ್ದರೆ ಕಡಿಯುತ್ತಿದ್ದೆ.

ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ದಿನ. ಅಂದು ಅವರಲ್ಲಿ ದೊಡ್ಡವರು ಚಿಕ್ಕವರೆನ್ನದೆ ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಕೇಳುತ್ತಾರೆ. ಕೇಳಿದವರಿಗೆ ಇಲ್ಲ ಅನ್ನುವ ಪದ್ಧತಿಯೇ ಇಲ್ಲ. ನಾನು ಟೀವಿಯ ಮಗ್ಗುಲಲ್ಲಿದ್ದೆ. ಭೂಪಾಲರು ತಾಯಿಗೆ ಕೈಮುಗಿದರು, ತಾಯಿ ಮಗನಿಗೆ ಮುಗಿದಳು. ಅಜಿತ ತಂಗಿಯ ಮುಂದೆ ಬಂದು, ಕಣ್ಣು ಎತ್ತಲೋ ಇಟ್ಟು, ಒಂದೇ ಉಸಿರಿನಲ್ಲಿ ಹೇಳಿದ:

“ವರ್ಷದಾಗ ಗೊತ್ತಿದ್ದೋ ಗೊತ್ತಿಲ್ಲದೋ ಏನಾರ ತಪ್ಪಾಗಿದ್ರ ಕ್ಷಮಾ ಮಾಡು.”

“ಏನಾರ ಅಂದ್ರ ಏನು?” ಅಂದಳು ತ್ರಿಶಲಾ.

“ಏನಾರ ಅಂದ್ರ ಏನಾರ.”

“ಹಂಗ ಬ್ಯಾಡ. ಏನ ಮಾಡಿದಿ ಅನ್ನೂದ ಹೇಳಿ ಕೇಳು. ಕೊಡ್ತೇನಿ.”

ಭೂಪಾಲರ ಮುಖ ಕೆಂಪಾಯಿತು. “ತ್ರಿಶಲಾ, ಇವತ್ತ ಇಲ್ಲ ಅನ್ನಬಾರದು. ಮಂದಿ ಕೇಳಿದ್ರ ಏನಂದಾರು?”

“ಇಲ್ಲ ಅಂದಿಲ್ಲಪ್ಪಾ. ಕೇಳು ಅಂದೇನಿ.”

ಆಗ ಆಯಿ ಮೊಣಕಾಲಿಗೆ ಕೈಕೊಟ್ಟು ಎದ್ದಳು. ಮೊಮ್ಮಗಳ ಮುಂದೆ ನಿಂತು, ಆ ಸುಕ್ಕುಗಟ್ಟಿದ ಕೈಗಳನ್ನು ಜೋಡಿಸಿದಳು.

“ಅವತ್ತ ನಿನ್ನ ಕೈ ಅಮುಕಿದಾಗ ನಾ ಬಿಡಸಲಿಲ್ಲ. ನಕ್ಕೆ. ಅದಕ್ಕ ಕ್ಷಮಾ ಮಾಡವಾ.”

“ಮಾಡೇನಿ ಆಯಿ,” ಅಂದಳು ತ್ರಿಶಲಾ. ಎಂಟನೆಯ ದಿನದ ಅಳು ಅಂದು ಬಂತು.

ಎಲ್ಲರೂ ಅಜಿತನನ್ನು ನೋಡಿದರು. ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ.

ವಾರದೊಳಗೆ ಅವನು ತನಗೊಂದು ಹೊಸ ರಿಮೋಟು ತಂದುಕೊಂಡು, ನನ್ನನ್ನು ತಂಗಿಯ ಮಡಿಲಿಗೆ ಒಗೆದ. “ಇದರಲೇ ಗುಂಡ ಹಾರೂದಿಲ್ಲ. ನಿನಗ ಇದ ಬರೋಬ್ಬರಿ.” ಬೈಗುಳವೆಂದು ಅವನು ಅಂದದ್ದು. ನನ್ನ ಬಲಗುದುರೆ ಸಡಿಲವಾಗಿ ನೇತಾಡುತ್ತಿತ್ತು. ಅವಳು ಕೋಟೆಯ ಮೊದಲ ಬಾಗಿಲಿನಿಂದ ಮತ್ತೆ ಆಡಿದಳು. ಕಡೆಯ ಎರಡು ಬಾಗಿಲಿಗೇ ಚಳಿಗಾಲ ಪೂರ್ತಿ ಬೇಕಾಯಿತು. ಆಯಿ ದಿನಾ ಪಕ್ಕದಲ್ಲಿ ಕೂತು ನೋಡಿದಳು.

“ಆ ಕೆಮ್ಮೂ ಹುಡುಗ ಅದಾನೇನ?”

“ಅದಾನ ಆಯಿ.”

“ಅಂವಗ ಒಂದೀಟ ಶುಂಠಿ ಕಷಾಯ ಕೊಡಾಕ ಬರೂದಿಲ್ಲೇನ ನಿನ್ನ ಆಟದಾಗ?”

ಮುದುಕ ಸೆರೆಯಿಂದ ಹೊರಬಂದ ದಿನ ಪರದೆ ‘ಕೊಂದದ್ದು: ಸೊನ್ನೆ’ ಅಂದಿತು. ತ್ರಿಶಲಾ ಆ ಮುದುಕನ ಮುಖವನ್ನು ಬಹಳ ಹೊತ್ತು ನೋಡಿದಳು. ಅಜಿತ ಬಾಗಿಲಲ್ಲಿ ನಿಂತಿದ್ದವನು, “ಈಗರೆ ಸರಿ ಹೋತಿಲ್ಲೋ?” ಅಂದ. ಅವಳು ತಿರುಗದೆ, “ಆಟ ಸರಿ ಹೋತು,” ಅಂದಳು.

ಈಗ ನನಗೆ ಮುಪ್ಪು. ಆಟದವನನ್ನು ನಡೆಸುವ ಎಡಗಡೆಯ ಕಡ್ಡಿ ಯಾರೂ ಮುಟ್ಟದಿದ್ದರೂ ತಾನಾಗಿ ಒಂದು ಕಡೆಗೆ ಜಾರುತ್ತದೆ. ಆಯಿ ತೀರಿಕೊಂಡು ಮೂರು ವರ್ಷವಾಯಿತು. ತ್ರಿಶಲಾ ಅಥಣಿಯಲ್ಲಿ ಶಾಲೆಯ ಟೀಚರು. ಅವಳ ಮೇಜಿನ ಅರೆತೆರೆದ ಡ್ರಾವರಿನಲ್ಲಿ, ಹಳೆಯ ವೈರುಗಳ ನಡುವೆ ನಾನು ಬಿದ್ದಿದ್ದೇನೆ. ಪ್ರತಿ ಭಾದ್ರಪದದಲ್ಲೂ ಅಜಿತನಿಂದ ಫೋನಿಗೆ ಒಂದು ಚಿತ್ರ ಬರುತ್ತದೆ: ಜೋಡಿಸಿದ ಎರಡು ಕೈ, ಕೆಳಗೆ ಬಣ್ಣದ ಅಕ್ಷರದಲ್ಲಿ ಅದೇ ಸಾಲು. ಊರಿಗೆಲ್ಲ ಕಳಿಸಿದ್ದನ್ನೇ ಇವಳಿಗೂ ಕಳಿಸುತ್ತಾನೆ. ಇವಳು ಪ್ರತಿ ವರ್ಷವೂ ಒಂದೇ ಉತ್ತರ ಬರೆಯುತ್ತಾಳೆ, “ಯಾವುದಕ್ಕಣ್ಣಾ?” ಎಂದು. ಈ ವರ್ಷವೂ ಬರೆದಳು. ಅಣ್ಣ ಅದನ್ನು ಓದಿದ ಗುರುತು ಬಂತು. ಬರೆಯುತ್ತಿದ್ದಾನೆ ಎಂಬ ಗುರುತೂ ಬಂತು. ಅವಳು ಫೋನನ್ನು ಮೇಜಿನ ಮೇಲಿಟ್ಟು, ಪೇಪರು ತಿದ್ದುವುದನ್ನು ನಿಲ್ಲಿಸಿ ಕಾದಳು. ಗುರುತು ಅಳಿಸಿಹೋಯಿತು. ಅವಳು ಕೆಂಪು ಪೆನ್ನು ಎತ್ತಿಕೊಂಡಳು.

ಜೈನರ ಲೆಕ್ಕದಲ್ಲಿ ನಾನು ಅಜೀವ. ಹುಳಹುಪ್ಪಟೆಗೂ ಕೈಮುಗಿಯುವ ಕ್ಷಮಾವಾಣಿಯ ದಿನ ನನ್ನಂಥದಕ್ಕೆ ಯಾರೂ ಕೈಮುಗಿಯುವುದಿಲ್ಲ. ಬೇಡ ಬಿಡಿ. ಅವಳಾದರೂ ಅವನು ಬಾಯಿ ಬಿಟ್ಟು ಹೇಳಿದರೆ ಕ್ಷಮೆ ಕೊಡಲು ಸಿದ್ಧಳಾಗಿದ್ದಾಳೆ. ನಾನು ಕೊಡುವುದಿಲ್ಲ.