ಗಾಳಿ ನೋಡಿ ಹೋಟೆಲ್ ಆರಿಸಿದ ಮೇಷ್ಟ್ರು

ದಾರಿ ಕೇಳಿದವರಿಗೆ ಚಕ್ರಪಾಣಿ ಮೇಷ್ಟ್ರು ಬರೀ ಬಾಯಿಮಾತಿನಲ್ಲಿ ಉತ್ತರ ಕೊಟ್ಟದ್ದನ್ನು ಈ ಯುಗಾದಿಯವರೆಗೆ ಜಯನಗರ ಏಳನೇ ಬ್ಲಾಕಿನಲ್ಲಿ ಯಾರೂ ಕಂಡಿರಲಿಲ್ಲ. ಕೇಳಿದವರು ಕೊರಿಯರಿನವರಾಗಲಿ, ಮದುವೆ ಛತ್ರ ಹುಡುಕುತ್ತ ಬಂದ ಬೀಗರಾಗಲಿ, ಮೊದಲು ಅವರನ್ನು ಉತ್ತರ ದಿಕ್ಕಿಗೆ ತಿರುಗಿಸಿ ನಿಲ್ಲಿಸುವರು. ಆಮೇಲೆ ತೋರುಬೆರಳನ್ನೆತ್ತಿ, ಗಾಳಿಯೇ ಕರಿಹಲಗೆಯೆಂಬಂತೆ, ತಿಲಕ್ ನಗರದಿಂದ ಬನಶಂಕರಿಯವರೆಗಿನ ರಸ್ತೆಗಳನ್ನು ಒಂದೊಂದಾಗಿ ಬಿಡಿಸುವರು. "ಇಲ್ನೋಡಿ, ಮೊದಲು ಉತ್ತರ ಎಲ್ಲಿದೆ ಗೊತ್ತಾಗ್ಬೇಕು" ಎಂಬುದು ಅವರ ಮಂಗಳಾಚರಣೆ. ಅದು ಮುಗಿಯುವಷ್ಟರಲ್ಲಿ ಅವಸರದವರು ಆಟೋ ಹತ್ತಿ ಹೋಗಿರುತ್ತಾರೆ. ತಾಳ್ಮೆಯಿಂದ ನಿಂತವರು ಮಾತ್ರ ಮತ್ತೆಂದೂ ಆ ದಾರಿ ತಪ್ಪುವುದಿಲ್ಲ.

ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತರಾದವರು. ಎಪ್ಪತ್ತರ ಅಂಚಿನ, ತೆಳ್ಳಗೆ ನೀಳವಾದ ದೇಹ. ಎದುರುಗಾಳಿಯಲ್ಲಿ ಹೋಗುತ್ತಿರುವವರಂತೆ ಸದಾ ಮುಂದಕ್ಕೆ ಬಾಗಿದ ನಡಿಗೆ. ಬೇಸಿಗೆಯಲ್ಲೂ ಮೈಬಿಡದ, ಮೊಣಕೈ ಸವೆದ ಕಂದು ಕೋಟು. ಸೊಸೆ ಸಮನ್ವಿತಾ ಈ ಮನೆಗೆ ಬಂದ ಹೊಸದರಲ್ಲಿ ಕೋಟನ್ನು ಡ್ರೈಕ್ಲೀನಿಂಗಿಗೆ ಕೊಡೋಣವೆಂದು ಜೇಬು ತಡಕಿದಾಗ ಸಿಕ್ಕಿದ್ದು ಸೀಮೆಸುಣ್ಣದ ಚೂರುಗಳು. "ಅದನ್ನ ಮುಟ್ಬೇಡಮ್ಮ, ಅದಿಲ್ದೆ ನಿಮ್ಮಾವಂಗೆ ಕೋಟು ಹಗುರ ಆಗತ್ತಂತೆ" ಎಂದು ಅತ್ತೆ ಸುಧಾಮಣಿ ನಕ್ಕಿದ್ದರು. ಆ ನಗುವಿನಲ್ಲೇ ಸಮನ್ವಿತಾಳಿಗೆ ಈ ಮನೆ ಒಗ್ಗಿಹೋಯಿತು.

ಭೂಮಂಡಲದ ಕರಾವಳಿಗಳನ್ನೆಲ್ಲ ಪುಸ್ತಕ ನೋಡದೆ ಬರೆಯಬಲ್ಲ ಈ ಮನುಷ್ಯ ಮಂಗಳೂರಿನಾಚೆಯ ಸಮುದ್ರವನ್ನು ಕಂಡಿರಲಿಲ್ಲ. ಮೊದಲು ಹಾಸಿಗೆ ಹಿಡಿದ ತಾಯಿ ಸೀತಮ್ಮನವರ ಸೇವೆ. ಅವರು ಹೋದಮೇಲೆ ವರ್ಷವರ್ಷದ ತಿಥಿ. ಹಾಗೆಂದು ಕೊರಗಿದವರಲ್ಲ. ಮಗ ನಚಿಕೇತ, "ಅಪ್ಪ, ಎಪ್ಪತ್ತಾಯ್ತು. ಭೀಮರಥ ಶಾಂತಿ ಮಾಡಿಸೋಣ್ವಾ, ಇಲ್ಲ ಸಿಂಗಪುರಕ್ಕೆ ಹೋಗ್ಬರೋಣ್ವಾ?" ಎಂದು ಕೇಳಿದಾಗ ಮೇಷ್ಟ್ರ ಬೆರಳು ಮೇಲೆದ್ದಿತು. ದಕ್ಷಿಣ ಅಮೆರಿಕದ ನೆತ್ತಿಯ ಮೇಲೆ, ಯಾರೋ ಹುರಿಗಡಲೆ ಚೆಲ್ಲಿಕೊಂಡು ಹೋದಂತೆ, ಸಾಲಾಗಿ ಬಾಗಿದ ಚುಕ್ಕೆಗಳನ್ನಿಟ್ಟು, ಅದರಲ್ಲೊಂದನ್ನು ಮೃದುವಾಗಿ ಒತ್ತಿ ತೋರಿಸಿದರು. ಸೇಂಟ್ ಲೂಸಿಯಾ. ವರ್ಷವರ್ಷವೂ ಹುಡುಗರಿಗೆ ಆ ಸಾಲನ್ನು ಬರೆಸಿದ ಕೈ ಅದು. ತಮಗಾಗಿ ಏನೂ ಕೇಳದವರು ಹೀಗೆ ಒಮ್ಮೆಗೇ ಕೆರಿಬಿಯನ್ ಕಡಲನ್ನು ಕೇಳಿದ್ದು ಕಂಡು ಮಗ ಹೂಂ ಅಂದುಬಿಟ್ಟ.

ಹೋಟೆಲ್ ಹುಡುಕುವ ಕೆಲಸ ಸಮನ್ವಿತಾಳ ಪಾಲಿಗೆ ಬಂತು. ನೀಲಿ ಕೊಳ, ತೆಂಗಿನ ಮರಕ್ಕೆ ಕಟ್ಟಿದ ಜೋಲಿ, ಮಂಚದ ಮೇಲೆ ಹಂಸದಂತೆ ಮಡಿಸಿಟ್ಟ ಟವೆಲು: ಅವಳು ತೋರಿಸಿದ ಒಂದು ಚಿತ್ರವನ್ನೂ ಮಾವ ನೋಡಲಿಲ್ಲ.

"ಇದು ದ್ವೀಪದ ಯಾವ ಮಗ್ಗುಲಲ್ಲಿದೆ?"

"ಪೂರ್ವ ಅನ್ಸತ್ತೆ ಮಾವ. ಆಫರ್ ಇದೆ, ರೂಮು ಸಖತ್ತಾಗಿದೆ."

"ಬೇಡ. ವಾಣಿಜ್ಯ ಮಾರುತ ನೇರ ಅಲ್ಲಿಗೇ ಹೊಡೆಯತ್ತೆ, ಅಲೆ ಜೋರು. ಮಗು ಇದೆ. ಪಶ್ಚಿಮಕ್ಕಿರೋದು ನೋಡಮ್ಮ, ಬೆನ್ನಿಗೆ ಗುಡ್ಡ ಇರ್ಬೇಕು."

ನಾಲ್ಕು ವರ್ಷದ ಮಗಳು ಸಂಹಿತಾ ಅಲೆಗೆ ಸಿಕ್ಕಿಬಿಟ್ಟರೆ ಎಂಬ ಅಂಜಿಕೆಯನ್ನು ಸಮನ್ವಿತಾ ಯಾರಿಗೂ ಹೇಳಿಕೊಂಡಿರಲಿಲ್ಲ. ಮಾವ ಕೇಳದೆಯೇ ಅದಕ್ಕೊಂದು ಗುಡ್ಡ ಅಡ್ಡವಿಟ್ಟರು. ಊಟ ತಿಂಡಿಯೆಲ್ಲ ಸೇರಿದ ರೂಮು ಎಂದಾಗ ಸುಧಾಮಣಿಯವರು, "ಎಲ್ಲಾ ಅಂದ್ರೆ ಮೊಸರನ್ನವೂ ಸೇರ್ತಾ? ಕೇಳು. ಬಾಲ್ಕನಿಲಿ ಬಟ್ಟೆ ಒಣಗ್ಸಕ್ಕೆ ಬಿಡ್ತಾರಾ, ಅದನ್ನೂ ಕೇಳು" ಎಂದರು. ಸಮನ್ವಿತಾ ನಾಚುತ್ತಲೇ ಎರಡನ್ನೂ ಬರೆದು ಕೇಳಿದಳು. ಮೊಸರಿದೆ, ಅನ್ನವಿದೆ, ಕಲಸಿಕೊಳ್ಳುವುದು ನಿಮ್ಮ ಸಂತೋಷ, ಬಾಲ್ಕನಿಯಲ್ಲಿ ಬಟ್ಟೆಗೂ ಜಾಗವಿದೆ ಎಂದು ಉತ್ತರ ಬಂತು. ಅಂದಿನಿಂದ ಅತ್ತೆಗೆ ಆ ಹೋಟೆಲಿನ ಮೇಲೆ ಒಂಥರಾ ನೆಂಟಸ್ತಿಕೆಯ ಅಭಿಮಾನ.

ದಿನ ಗೊತ್ತುಮಾಡಿದ್ದು ಮೇಷ್ಟ್ರೇ. ಗೋಡೆಯ ಕ್ಯಾಲೆಂಡರನ್ನು ಅವರು ನಂಬುವವರಲ್ಲ. ಯುಗಾದಿಗೆ ಬರುವ ಹೊಸ ಪಂಚಾಂಗವೇ ಪ್ರಮಾಣ, ಅಲ್ಲಿಯವರೆಗೆ ಬಾಯಿಲೆಕ್ಕ. ಜನವರಿಯಲ್ಲಿ ಕಣ್ಣು ಮುಚ್ಚಿ ಲೆಕ್ಕ ಹಾಕಿದರು: ಅಮ್ಮನ ತಿಥಿ ಜ್ಯೇಷ್ಠ ಬಹುಳ ದಶಮಿ, ಹೋದ ವರ್ಷಕ್ಕಿಂತ ಒಂದಷ್ಟು ದಿನ ಹಿಂದೆ ಸರಿದು ಜೂನ್‌ನಲ್ಲೇ ಮುಗಿಯುತ್ತದೆ, ಜುಲೈ ಎರಡನೇ ವಾರ ನಿಶ್ಚಿಂತೆಯಾಗಿ ಹೊರಡಬಹುದು. ಹಾಗೆಯೇ ಟಿಕೆಟ್ ಆಯಿತು, ರೂಮಾಯಿತು. ಇನ್ನು ದಿನ ಬದಲಿಸುವಂತಿಲ್ಲ ಎಂಬ ಶರತ್ತಿಗೂ ಒಪ್ಪಿದ್ದಾಯಿತು.

ಯುಗಾದಿಯ ಮಧ್ಯಾಹ್ನ, ಒಬ್ಬಟ್ಟಿನ ಊಟ ಮುಗಿದ ಮೇಲೆ, ಅಕ್ಕಪಕ್ಕದವರಿಗೆ ಹೊಸ ಪಂಚಾಂಗ ಓದಿ ಹೇಳುವುದು ಆ ಮನೆಯ ಪದ್ಧತಿ. ಮಳೆ ಎಷ್ಟು, ಬೆಳೆ ಎಷ್ಟು, ಯಾವ ರಾಶಿಗೆ ಆಯ ಎಷ್ಟು ವ್ಯಯ ಎಷ್ಟು ಎಂದು ಕಂಚಿನ ಕಂಠದಲ್ಲಿ ಓದುತ್ತಿದ್ದ ಮೇಷ್ಟ್ರು ಮಾಸಗಳ ಪುಟಕ್ಕೆ ಬಂದು ಥಟ್ಟನೆ ನಿಂತರು.

"ಯಾಕೆ ಮೇಷ್ಟ್ರೇ, ನನ್ನ ರಾಶಿಗೆ ಅಷ್ಟೊಂದು ಕೆಟ್ಟದಾ?" ಎಂದು ಪಕ್ಕದ ಮನೆ ಪಾರ್ವತಮ್ಮ ಗಾಬರಿಯಾದರು.

"ಇಲ್ಲಮ್ಮ. ಈ ವರ್ಷ ಅಧಿಕ ಜ್ಯೇಷ್ಠ ಇದೆ."

ಚಾಂದ್ರಮಾನದ ವರ್ಷ ಸೂರ್ಯನಿಗಿಂತ ಹಿಂದೆ ಬೀಳುತ್ತ ಬಂದಾಗ ನಡುವೆ ಒಂದು ತಿಂಗಳನ್ನು ಸೇರಿಸಿ ಸರಿದೂಗಿಸುತ್ತಾರೆಂದು ಸಾವಿರಾರು ಮಕ್ಕಳಿಗೆ ವೃತ್ತ ಬರೆದು ತೋರಿಸಿದವರು ಅದನ್ನೇ ಮರೆತಿದ್ದರು. ಜೂನ್‌ನಲ್ಲಿ ಬರುವುದು ಅಧಿಕ ಮಾಸದ ದಶಮಿ. ತಾಯಿಯ ತಿಥಿ ಮಾಡಬೇಕಾದ ನಿಜ ಜ್ಯೇಷ್ಠದ ದಶಮಿ ಒಂದು ತಿಂಗಳು ಮುಂದಕ್ಕೆ ಜರುಗಿ, ಅವರು ಸಮುದ್ರದಂಡೆಯಲ್ಲಿರಬೇಕಾದ ವಾರದ ನಟ್ಟನಡುವೆ ಬಂದು ಕೂತಿತ್ತು. ಆಸೆ ಅವರ ಲೆಕ್ಕವನ್ನು ಅವಸರಪಡಿಸಿತ್ತು.

"ನೀವೆಲ್ಲ ಹೋಗ್ಬನ್ನಿ. ನಾನಿಲ್ಲಿರ್ತೀನಿ" ಎಂದು ಆ ಸಂಜೆ ಅವರು ಹೇಳಿದ್ದು ಎಷ್ಟು ಶಾಂತವಾಗಿತ್ತೆಂದರೆ, ವಾದಿಸಲು ಯಾರಿಗೂ ಹಿಡಿಯೇ ಸಿಗಲಿಲ್ಲ. ಮಾರನೆಯ ದಿನ ಕೊರಿಯರಿನವನು ದಾರಿ ಕೇಳಿದ. "ಬಲಕ್ಕೆ ಹೋಗಪ್ಪ" ಎಂದು ಮೇಷ್ಟ್ರು ಒಳಗೆ ಬಂದುಬಿಟ್ಟರು. ಬೆರಳು ಮೇಲೇಳದ ಆ ಒಂದು ಮಾತನ್ನು ಸಮನ್ವಿತಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

ಅಳುತ್ತ ಕೂರುವ ಜಾಯಮಾನ ಅವಳದಲ್ಲ. ಆ ಮನೆಯ ತಿಥಿಗಳನ್ನು ಮಾಡಿಸುವ ಪುರೋಹಿತರಿಗೆ ಫೋನು ಮಾಡಿದಳು. ಚಿಕ್ಕಲಸಂದ್ರದ ವಸಿಷ್ಠ, ಮೇಷ್ಟ್ರ ಹಳೆಯ ಶಿಷ್ಯ. ಅಂದೇ ಸ್ಕೂಟರಿನಲ್ಲಿ ಬಂದು, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ಪ್ರವಾಸದಲ್ಲಿರೋರಿಗೆ ಆಮಶ್ರಾದ್ಧ ಅಂತ ಇದೆಯಲ್ಲ ಮೇಷ್ಟ್ರೇ. ಅಡುಗೆ ಬೇಡ. ಅಕ್ಕಿ ಬೇಳೆ ಇಟ್ಟು ಸಂಕಲ್ಪ ಮಾಡಿ, ಎಳ್ಳುನೀರು ಬಿಡಿ. ವಿಡಿಯೋದಲ್ಲಿ ನಾನು ಮಂತ್ರ ಹೇಳ್ಕೊಡ್ತೀನಿ."

"ಶಾಸ್ತ್ರ ಗೊತ್ತಪ್ಪ ನಂಗೆ" ಎಂದ ಮೇಷ್ಟ್ರು ಕೋಟಿನ ಗುಂಡಿ ತಿರುವುತ್ತ, ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗನ ದನಿಯಲ್ಲಿ ಹೇಳಿದರು: "ನಮ್ಮಮ್ಮ ಒಬ್ಬಳೇ ಗಾಂಧಿಬಜಾರ್ ದಾಟಿ ಹೋದವಳಲ್ಲ ಕಣಯ್ಯ. ಅಷ್ಟು ದೂರ ಹೇಗೆ ಬರ್ತಾಳೆ?"

ಆಗ ಅಡುಗೆಮನೆಯಿಂದ ಸುಧಾಮಣಿಯವರು ಕಾಫಿ ಲೋಟಗಳೊಂದಿಗೆ ಹೊರಬಂದರು.

"ರೀ, ಅವರು ತೀರ್ಕೊಂಡಿದ್ದು ಗಾಂಧಿಬಜಾರಿನ ಬಾಡಿಗೆ ಮನೇಲಿ. ಆಮೇಲೆ ನಾವು ಇಲ್ಲಿಗೆ ಬಂದ್ವಿ. ಆ ವರ್ಷ ದಾರಿ ತಪ್ಪಿದ್ರಾ? ಬಾಗಿಲಿನ ನಂಬರ್ ನೋಡ್ಕೊಂಡು ಬರ್ತಾರಾ ಅವ್ರು? ನಿಮ್ಮನ್ನ ನೋಡ್ಕೊಂಡು ಬರ್ತಾರೆ. ಕಾಫಿ ಆರತ್ತೆ, ಕುಡೀರಿ."

ಮೇಷ್ಟ್ರು ಹೆಂಡತಿಯನ್ನು, ಕಾಣದ ಊರೊಂದನ್ನು ಕಂಡವರಂತೆ, ನೋಡಿದರು. ಕಾಫಿ ಕುಡಿದು ಮುಗಿಸಿ ಸೊಸೆಯ ಕಡೆ ತಿರುಗಿ, "ಆ ಹೋಟೆಲ್‌ನವರಿಗೆ ಒಂದು ಕಾಗದ ಹಾಕ್ಬೇಕಲ್ಲಮ್ಮ" ಎಂದರು.

ಅವರು ಹೇಳಿದರು, ಅವಳು ಬರೆದಳು. ಇಂಥ ದಿನ ಬೆಳಿಗ್ಗೆ ದಂಡೆಯಲ್ಲಿ ಸ್ವಲ್ಪ ಹೊತ್ತು ಗಲಾಟೆಯಿಲ್ಲದ ಒಂದು ಜಾಗ ಬೇಕು. ತೀರಿಹೋದ ತಾಯಿಯ ನೆನಪಿನ ಪೂಜೆ. ಹಿಡಿ ಅಕ್ಕಿ, ಎಳ್ಳು ನಾವೇ ತರುತ್ತೇವೆ. ಬಾಳೆ ಎಲೆ ಸಿಕ್ಕೀತೇ? ಮೊಸರನ್ನದ ಪ್ರಶ್ನೆಗೆ ಉತ್ತರಿಸಿದ್ದ ಹೆಣ್ಣುಮಗಳೇ ಮರುದಿನ ಬರೆದಿದ್ದಳು: ದಂಡೆಯ ಕೊನೆಯಲ್ಲಿ ಬಾದಾಮಿ ಮರದ ಕೆಳಗಿನ ಜಾಗವನ್ನು ನಿಮಗಾಗಿ ಬಿಡಿಸಿಡುತ್ತೇವೆ. ಬಾಳೆ ಎಲೆ ನಮ್ಮ ಹಿತ್ತಲಲ್ಲೇ ಇದೆ. ನಿಮ್ಮ ತಾಯಿಯ ಹೆಸರು ತಿಳಿಸಿದರೆ ನಾವೂ ಅಂದು ನೆನೆಯುತ್ತೇವೆ.

ಸಮನ್ವಿತಾ ಅದನ್ನು ಕನ್ನಡದಲ್ಲಿ ಓದಿ ಹೇಳಿದಳು. ಮೇಷ್ಟ್ರು ಫೋನನ್ನು ತಾವೇ ಕೈಗೆ ತೆಗೆದುಕೊಂಡು, ಕನ್ನಡಕ ಸರಿಪಡಿಸಿಕೊಂಡು, ಒಂದೊಂದೇ ಅಕ್ಷರವನ್ನು ಹುಡುಕಿ ಒತ್ತಿ, ಸೀತಮ್ಮ ಎಂದು ಕಳಿಸಿದರು. ನಂತರ ಮೊಮ್ಮಗಳ ಈಜುಬಟ್ಟೆಯ ಅಳತೆ ಸರಿಯಿದೆಯೇ ಎಂದು ವಿಚಾರಿಸಿದರು.

ಜಗತ್ತನ್ನೆಲ್ಲ ಬಾಯಿಪಾಠ ಮಾಡಿ ಮನೆಯ ಹೊಸ್ತಿಲಲ್ಲೇ ಉಳಿದ ಇಂಥವರು ನಮ್ಮ ಬೀದಿಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ಧೈರ್ಯ ಸಾಲದೆಂದು ನಾವು ಕಿರಿಯರು ಹಗುರವಾಗಿ ತಿಳಿಯುತ್ತೇವೆ; ತಮ್ಮವರಲ್ಲಿ ಯಾರನ್ನೂ, ಇದ್ದವರನ್ನೂ ಇಲ್ಲದವರನ್ನೂ, ಹಿಂದೆ ಬಿಡದೆ ಹೊರಡಬಹುದಾದ ದಿನಕ್ಕಾಗಿ ಅವರು ಕಾಯುತ್ತಿರುತ್ತಾರೆ. ಅಂಥವರೊಡನೆ ಪ್ರವಾಸದ ಏರ್ಪಾಟು ಮಾಡುವುದು ನಿಧಾನದ ಕೆಲಸ. ಆದರೆ ಅವರ ಜೊತೆಗೆ ಹೊರಟವರು ಎಲ್ಲಿ ಇಳಿದರೂ ಅದು ಪರದೇಶವಾಗುವುದಿಲ್ಲ.