ವಟ್ವಾದ ಬಾವಿ

"ಬಾವಿಯಿಂದ ಶುರು ಮಾಡು, ನಂಜುಂಡಭಾಯ್. ಸುಲ್ತಾನರು ಆಮೇಲೆ ಬರಲಿ, ಅವರಿಗೇನು ಅವಸರ!" ಎಂದರು ಜಶೀಬಾ.

ನಂಜುಂಡ ನಗುತ್ತ ಬರೆದುಕೊಂಡ. ಬಣ್ಣದ ಕಾರ್ಖಾನೆಯ ಕೆಮಿಸ್ಟ್ ಆಗಿ ಮೈಸೂರಿನಿಂದ ವಟ್ವಾಕ್ಕೆ ಬಂದು ಹದಿನೇಳು ವರ್ಷ. ಕನ್ನಡ ಸಂಘದ 2003ರ ರಾಜ್ಯೋತ್ಸವ ಸಂಚಿಕೆಗೆ ಈ ಊರಿನ ಚರಿತ್ರೆ ಬರೆಯಲು ಒಪ್ಪಿಕೊಂಡಾಗ ಹೆಂಡತಿ ಪದ್ಮಾ, "ವಟ್ವಾಕ್ಕೂ ಚರಿತ್ರೆನಾ? ಇರೋದು ನಾತ ಅಷ್ಟೇ ಕಣ್ರೀ" ಅಂದಿದ್ದಳು. ಚರಿತ್ರೆಯೆಲ್ಲ ಇದ್ದದ್ದು ಹಿಂದಿನ ಬೀದಿಯ ಈ ಮುದುಕಿಯ ಬಾಯಲ್ಲಿ. ಭಾನುವಾರ ಬಂದು ಕೂತರೆ ಸಾಕು, ಗುಮ್ಮಟ ಕಟ್ಟಿದ ಸುಲ್ತಾನರಿಂದ ಹಿಡಿದು ಗೋಧಿ ಹೊಲ ಮಾರಿದವರ ತನಕ ನಿನ್ನೆ ಕಂಡವರಂತೆ ಹೇಳುವರು. ನಡುನಡುವೆ "ತಿನ್ನು ದೀಕರಾ, ಮಗನೇ" ಎಂದು ತಟ್ಟೆ ಮುಂದೆ ತಳ್ಳುವರು.

ಇವತ್ತು ಕೊನೆಯ ಭಾನುವಾರ. ಜಶೀಬಾ ಸೂರತ್ತಿನ ಕತಾರ್‌ಗಾಮಿಗೆ, ವಜ್ರಕ್ಕೆ ಸಾಣೆ ಹಿಡಿಯುವ ಮಗನ ಮನೆಗೆ ಹೊರಟಿದ್ದರು. ಟ್ರಂಕು ಬಾಗಿಲಲ್ಲಿತ್ತು.

"ಮೂವತ್ತು ಮನೆಗೆ ಅದೊಂದೇ ಬಾವಿ. ಹೊಸ ಸೊಸೆ ಮೊದಲ ಕೊಡ ಅಲ್ಲೇ ಸೇದಬೇಕು, ಹೆತ್ತವಳು ಮೊದಲು ಅದಕ್ಕೇ ಕೈಮುಗೀಬೇಕು. ಆಮೇಲೆ, ಇದು ನೋಡು." ಟ್ರಂಕಿನಿಂದ ಒಂದು ಬಿಳಿ ಬಟ್ಟೆ ತೆಗೆದು ಅವನ ಮೊಣಕಾಲ ಮೇಲೆ ಹರಡಿದರು. "ಮೊಮ್ಮಗನದು. ಉತ್ತರಾಯಣದ ಮಾರನೇ ದಿನ ಒಗೆದೆ, ಹೀಗಾಯ್ತು. ಬಾವಿ ಮುಚ್ಚಿಸಿದರು. ಒಂದೊಂದೇ ಮನೆ ಖಾಲಿಯಾಯ್ತು."

ನೇರಳೆ ಕಲೆ, ಸುತ್ತ ಕಿತ್ತಳೆಯ ತೆಳು ಅಂಚು.

ನಂಜುಂಡನ ಪೆನ್ನು ನಿಂತಿತು. ಬಣ್ಣದ ಒಂದು ಹನಿಯನ್ನು ಫಿಲ್ಟರ್ ಪೇಪರಿನ ಮೇಲೆ ಬಿಟ್ಟು, ಹರಡಿದ ಅಂಚು ನೋಡಿ ಪಾಸು ಮಾಡುವುದೇ ಅವನ ಕೆಲಸ. ಈ ಅಂಚು ಬಂದದ್ದು ಒಂದೇ ಸಲ, ಕೆಟ್ಟುಹೋದ ಒಂದು ಬ್ಯಾಚಿನಲ್ಲಿ. ಉತ್ತರಾಯಣದ ಗಾಳಿಪಟದ ಹಬ್ಬಕ್ಕೆ ಮೇಲಿನವರೆಲ್ಲ ರಜೆಯ ಮೇಲೆ ಹೋಗಿದ್ದರು, ತ್ಯಾಜ್ಯದ ಟ್ಯಾಂಕು ತುಂಬಿತ್ತು. ಕಾರ್ಖಾನೆ ಹಿಂದಿನ ಹಳ್ಳಕ್ಕೆ ಬಿಡಿ, ಮಣ್ಣು ಕುಡಿದುಕೊಳ್ಳುತ್ತೆ ಎಂದವನು ಅವನೇ.

"ಯಾವ ವರ್ಷ, ಜಶೀಬಾ?"

"ತೊಂಬತ್ತೊಂದು. ಬರ್ಕೊ."

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಬಟ್ಟೆ ಇನ್ನೂ ಅವನ ಮೊಣಕಾಲ ಮೇಲಿತ್ತು.

"ಆ ಬಣ್ಣದ ನೀರು ಹಳ್ಳಕ್ಕೆ ಬಿಡಿಸಿದ್ದು ನಾನು."

ಜಶೀಬಾ ಅವನ ಮುಖವನ್ನೇ ನೋಡಿದರು. "ಇಷ್ಟು ಭಾನುವಾರ ಇಲ್ಲೇ ಕೂತಿದ್ದೆಯಲ್ಲೋ."

"ಬಾವಿಗೆ ಸೇರಿತು ಅಂತ ಗೊತ್ತಿರಲಿಲ್ಲ."

"ಹಾಗಾದ್ರೆ ಅದನ್ನೂ ಬರೀರಿ, ಸಾಹೇಬ್."

ಹೊರಗೆ ರಿಕ್ಷಾ ಬಂದು ನಿಂತಿತು. ನಂಜುಂಡ ಎದ್ದು ಟ್ರಂಕಿನ ಹಿಡಿಗೆ ಕೈ ಹಾಕಿದ. ಜಶೀಬಾ ಬಗ್ಗಿ, ಅವನ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ರಿಕ್ಷಾದವನಿಗೆ ಒಳಗೆ ಬರುವಂತೆ ಕೈಸನ್ನೆ ಮಾಡಿದರು.